ಹೆಲಿಕಾಪ್ಟರ್‌ಗೆ ದಾರಿ ಹೇಳುವವರು ಯಾರು?

ಕರಾವಳಿಯಲ್ಲಿ ಬೋಟು ಕಾಣೆಯಾಯಿತು ಅಂದ್ರೆ ಟಿವಿಯಲ್ಲಿ ನೀವು ನೋಡುವ ಮೊದಲ ದೃಶ್ಯ ಯಾವುದು ಹೇಳಿ? ಕಡಲ ಮೇಲೆ ಸುತ್ತುವ ಹೆಲಿಕಾಪ್ಟರ್. ಅದರ ಕೆಳಗೆ 'ಮುಂದುವರಿದ ಶೋಧ' ಎಂಬ ಸಾಲು. ಸ್ಟುಡಿಯೋದಲ್ಲಿ ಕೂತು ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆಗೆಲ್ಲ ಜನ ಕೇಳುವ ಪ್ರಶ್ನೆ ಒಂದೇ. ಹಡಗು ಇದೆ, ಹೆಲಿಕಾಪ್ಟರ್ ಇದೆ, ಆಕಾಶದಲ್ಲಿ ಉಪಗ್ರಹ ಇದೆ. ಆದರೂ ಸಿಗಲ್ಲ ಅಂದ್ರೆ ಹೇಗೆ ಸ್ವಾಮಿ?

ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1944ರ ಜನವರಿ 3. ನ್ಯೂಯಾರ್ಕ್ ಬಂದರಿನ ಹೊರಗೆ ಅಮೆರಿಕದ ಯುದ್ಧನೌಕೆ 'ಟರ್ನರ್' ಸ್ಫೋಟಗೊಂಡಿತು. ಗಾಯಾಳುಗಳಿಗೆ ತುರ್ತಾಗಿ ರಕ್ತದ ಪ್ಲಾಸ್ಮಾ ಬೇಕು. ಹೊರಗೆ ಹಿಮದ ಬಿರುಗಾಳಿ, ವಿಮಾನಗಳು ಹಾರುವಂತಿಲ್ಲ. ಆಗ ಕೋಸ್ಟ್ ಗಾರ್ಡ್ ಅಧಿಕಾರಿ ಫ್ರಾಂಕ್ ಎರಿಕ್ಸನ್, ಇನ್ನೂ ಪ್ರಯೋಗದ ಹಂತದಲ್ಲಿದ್ದ ಪುಟ್ಟ ಹೆಲಿಕಾಪ್ಟರ್‌ಗೆ ಪ್ಲಾಸ್ಮಾ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹೊರಟರು. 14 ನಿಮಿಷದಲ್ಲಿ ತಲುಪಿಸಿದರು. ಹೆಲಿಕಾಪ್ಟರ್ ಜೀವ ಉಳಿಸಬಲ್ಲದು ಎಂದು ಜಗತ್ತಿಗೆ ತೋರಿಸಿದ ಹಾರಾಟ ಅದು.

ಮರುವರ್ಷ ನವೆಂಬರ್ 29. ಅದೇ ಅಮೆರಿಕದ ಕನೆಕ್ಟಿಕಟ್ ತೀರ. ಬಿರುಗಾಳಿಗೆ ಸಿಕ್ಕ ತೈಲದ ಬಾರ್ಜ್ ಒಂದು ಪೆನ್‌ಫೀಲ್ಡ್ ಬಂಡೆಸಾಲಿನ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಅದರ ಮೇಲೆ ಇಬ್ಬರು. ಅಲೆಗಳ ಅಬ್ಬರಕ್ಕೆ ದೋಣಿಗಳು ಹತ್ತಿರ ಹೋಗುವಂತಿಲ್ಲ. ಪಕ್ಕದ ಬ್ರಿಜ್‌ಪೋರ್ಟ್‌ನಲ್ಲೇ ಸಿಕೋರ್ಸ್ಕಿ ಹೆಲಿಕಾಪ್ಟರ್ ಕಾರ್ಖಾನೆ ಇತ್ತು. ಅಲ್ಲಿಗೆ ಸುದ್ದಿ ಹೋಯಿತು. ಕಂಪನಿಯ ಪೈಲಟ್ ಜಿಮ್ಮಿ ವೈನರ್ ಮತ್ತು ಸೇನೆಯ ಒಬ್ಬ ಕ್ಯಾಪ್ಟನ್ ಹೊರಟರು. ಮೇಲಿಂದ ಹಗ್ಗ ಇಳಿಸಿ ಒಬ್ಬನನ್ನು ಎತ್ತಿದರು. ಎರಡನೆಯವನನ್ನು ಎತ್ತುವಾಗ ಯಂತ್ರ ಅರ್ಧಕ್ಕೇ ಸಿಕ್ಕಿಕೊಂಡಿತು! ಆತ ಗಾಳಿಯಲ್ಲಿ ನೇತಾಡುತ್ತಲೇ ದಡ ಸೇರಿದ. ಹೆಲಿಕಾಪ್ಟರ್‌ನಿಂದ ಹಗ್ಗ ಇಳಿಸಿ ಕಡಲಲ್ಲಿ ಜನರನ್ನು ಎತ್ತಿದ ಮೊದಲ ರಕ್ಷಣೆ ಎಂದು ಇತಿಹಾಸ ಇದನ್ನೇ ಗುರುತಿಸುತ್ತದೆ.

ಈಗ ಒಂದು ವಿಷಯ ಗಮನಿಸಿ. ಈ ಎರಡೂ ಘಟನೆಗಳಲ್ಲಿ ಯಾರನ್ನೂ ಹುಡುಕಬೇಕಾಗಿರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿತ್ತು. ಎತ್ತುವ ವಿದ್ಯೆಯನ್ನು ಮನುಷ್ಯ 1945ರಲ್ಲೇ ಕಲಿತ. ಹುಡುಕುವ ವಿದ್ಯೆ ಇದೆಯಲ್ಲ, ಅದು ಬೇರೆಯೇ ಕಥೆ.

ಒಂದು ಸಣ್ಣ ಲೆಕ್ಕ ಮಾಡೋಣ. ಎಂಜಿನ್ ಕೆಟ್ಟ ಬೋಟು ಗಂಟೆಗೆ 2 ಕಿಲೋಮೀಟರ್ ತೇಲುತ್ತದೆ ಅಂದುಕೊಳ್ಳಿ. ಯಾವ ದಿಕ್ಕಿಗೆ ಅಂತ ಗೊತ್ತಿಲ್ಲ. ಒಂದು ಗಂಟೆಯೊಳಗೆ ಸುದ್ದಿ ಬಂದರೆ ಹುಡುಕಬೇಕಾದ ಜಾಗ ಸುಮಾರು 12 ಚದರ ಕಿಲೋಮೀಟರ್. 24 ಗಂಟೆ ತಡವಾದರೆ? 7,000 ಚದರ ಕಿಲೋಮೀಟರ್‌ಗೂ ಹೆಚ್ಚು. ಹತ್ತಿರ ಹತ್ತಿರ ಎರಡು ಉಡುಪಿ ಜಿಲ್ಲೆಯಷ್ಟು! ನೀರಲ್ಲಿರುವ ಮನುಷ್ಯ ಮೇಲಿನಿಂದ ನೋಡುವವರಿಗೆ ಕಾಣುವುದು ತೇಲುವ ತೆಂಗಿನಕಾಯಿಯಷ್ಟು. ಅದೂ ಅಲೆ ಇಳಿದಾಗ ಮಾತ್ರ. ಹೆಲಿಕಾಪ್ಟರ್‌ನ ಟ್ಯಾಂಕಿನಲ್ಲಿ ಇರುವುದು ಕೆಲವೇ ಗಂಟೆಗಳ ಇಂಧನ. ಹೋಗುವುದಕ್ಕೆ, ಬರುವುದಕ್ಕೆ ಕಳೆದು ಉಳಿದದ್ದರಲ್ಲಿ ಹುಡುಕಬೇಕು.

ಹಾಗಾಗಿ ಸುಮ್ಮನೆ ಸುತ್ತು ಹಾಕಿದರೆ ಆಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸಬ್‌ಮರೀನ್‌ಗಳನ್ನು ಪತ್ತೆ ಹಚ್ಚಲು ಅಮೆರಿಕದ ನೌಕಾಪಡೆ ಗಣಿತಜ್ಞರ ತಂಡ ಕಟ್ಟಿತ್ತು. ಅದರಲ್ಲಿದ್ದ ಬರ್ನಾರ್ಡ್ ಕೂಪ್‌ಮನ್ ಹುಡುಕಾಟಕ್ಕೇ ಒಂದು ಗಣಿತ ರೂಪಿಸಿದರು. ಎಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಅಲ್ಲಿ ಎಷ್ಟು ಹೊತ್ತು ಹುಡುಕಬೇಕು ಎಂಬ ಲೆಕ್ಕ ಅದು. ಶತ್ರುವನ್ನು ಮುಳುಗಿಸಲು ಹುಟ್ಟಿದ ಗಣಿತ ಮುಂದೆ ಮುಳುಗುವವರನ್ನು ಉಳಿಸಲು ಬಂತು. ಹೆಲಿಕಾಪ್ಟರ್ ಕಡಲ ಮೇಲೆ ಗದ್ದೆ ಉಳುವಂತೆ ಸಾಲು ಸಾಲಾಗಿ ಹಾರುವುದನ್ನು ನೋಡಿದರೆ, ಅದರ ಹಿಂದೆ ಇರುವುದು ಇದೇ ಲೆಕ್ಕ.

ಇನ್ನು ನಮ್ಮ ಕಥೆಗೆ ಬರೋಣ. 2018ರ ಡಿಸೆಂಬರ್ 13. ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರನ್ನು ಹೊತ್ತು ಹೊರಟಿತು. 15ರ ರಾತ್ರಿಯ ನಂತರ ಸಂಪರ್ಕ ಕಡಿದುಹೋಯಿತು. ಆಳಸಮುದ್ರಕ್ಕೆ ಹೋದ ಬೋಟು ವಾರ, ಹತ್ತು ದಿನ ಕಡಲಲ್ಲೇ ಇರುವುದು ಮಾಮೂಲು. ಹಾಗಾಗಿ ಎರಡು ದಿನ ಸುದ್ದಿ ಇಲ್ಲ ಅಂದ್ರೆ ದಡದಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಗಾಬರಿಯಾಗುವ ಹೊತ್ತಿಗೆ, ಮೇಲೆ ಹೇಳಿದ ಲೆಕ್ಕ ಕೈ ಮೀರಿರುತ್ತದೆ.

ಕೋಸ್ಟ್ ಗಾರ್ಡ್ ಹುಡುಕಿತು, ನೌಕಾಪಡೆ ಹುಡುಕಿತು. ಮಲ್ಪೆಯ ಮೀನುಗಾರರು ತಮ್ಮವರಿಗಾಗಿ ತಾವೇ ಕಡಲಿಗಿಳಿದರು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಕೊನೆಗೆ ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣ್ ತೀರದಾಚೆ ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಮಾಡಿತು. ಬೋಟು ಸಿಕ್ಕಿತು, ಮನೆಯವರು ಕಾಯುತ್ತಿದ್ದ ಏಳು ಜನ ಬರಲಿಲ್ಲ. ಹೇಗೆ ಮುಳುಗಿತು ಎಂಬುದು ಇವತ್ತಿಗೂ ಕರಾವಳಿಯಲ್ಲಿ ಬಿಸಿ ಪ್ರಶ್ನೆ.

ಹಾಗಂತ ಹುಡುಕುವವರ ಕೆಲಸ ಹಗುರ ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರ್ ಬಳಿ, ಟ್ಯಾಂಕರ್ ಹಡಗಿನ ಗಾಯಾಳುವನ್ನು ಕರೆತರಲು ಹೊರಟ ಕೋಸ್ಟ್ ಗಾರ್ಡ್‌ನ ಧ್ರುವ್ ಹೆಲಿಕಾಪ್ಟರ್ ಕಡಲಿಗೆ ಬಿತ್ತು. ನಾಲ್ವರಲ್ಲಿ ಬದುಕಿದ್ದು ಒಬ್ಬರೇ. ಪೈಲಟ್‌ನ ಶವ ಸಿಕ್ಕಿದ್ದು ಒಂದು ತಿಂಗಳ ಮೇಲೆ. ಉಳಿಸಲು ಹೋದವರನ್ನೇ ಹುಡುಕಬೇಕಾಯಿತು ನೋಡಿ.

ಹಾಗಾದರೆ ದಾರಿ ಏನು? ಇಸ್ರೋ ರೂಪಿಸಿದ ಅಪಾಯದ ಸಂಕೇತ ಕೊಡುವ ಉಪಕರಣವಿದೆ. ಬೋಟಿನಲ್ಲಿ ಗುಂಡಿ ಒತ್ತಿದರೆ ಎಲ್ಲಿದ್ದೀರಿ ಎಂಬ ಮಾಹಿತಿ ಉಪಗ್ರಹದ ಮೂಲಕ ಇಸ್ರೋದ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. 2024ರಲ್ಲಿ ಬಂದ ಹೊಸ ಮಾದರಿಯಲ್ಲಿ 'ನಿಮ್ಮ ಸಂಕೇತ ತಲುಪಿತು' ಎಂಬ ಉತ್ತರ ಬೋಟಿಗೇ ವಾಪಸ್ ಬರುತ್ತದೆ. ಕಡಲ ಮಧ್ಯೆ ಸಾಯುವ ಭಯದಲ್ಲಿರುವವನಿಗೆ ಆ ಒಂದು ಉತ್ತರ ಎಂಥ ಧೈರ್ಯ ಯೋಚಿಸಿ. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554 ಕೂಡ ಇದೆ.

ಆದರೆ ಉಪಕರಣ ಬೋಟಿನಲ್ಲಿರಬೇಕು, ಕೆಲಸ ಮಾಡುತ್ತಿರಬೇಕು, ತಂಡೇಲನಿಗೆ ಬಳಸಲು ಬರಬೇಕು. ದಡದಲ್ಲಿ ಮಾಲೀಕರೋ ಸಂಘದವರೋ ಒಬ್ಬರು ದಿನಕ್ಕೊಮ್ಮೆಯಾದರೂ 'ನಮ್ಮ ಬೋಟು ಎಲ್ಲಿದೆ' ಅಂತ ವಿಚಾರಿಸುತ್ತಿರಬೇಕು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಸರ್ಕಾರ ಪ್ರತಿ ಬಂದರಿನಲ್ಲೂ ಇದನ್ನು ಕಡ್ಡಾಯವಾಗಿ ನೋಡಿಕೊಳ್ಳಬೇಕು. ಮುಂದಿನ ಸಲ ಬೋಟು ಕಾಣೆಯಾದಾಗ 'ಹೆಲಿಕಾಪ್ಟರ್ ಯಾಕೆ ತಡವಾಯಿತು' ಅಂತ ನಾವು ಕೇಳೋಣ, ಕೇಳಲೇಬೇಕು. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು?