ಗಾಜಿನ ಹೆಂಚಿನ ಬೆಳಕು

ಹೊಳೆನರಸೀಪುರದ ನಮ್ಮ ತವರುಮನೆ ಕೆಡವ್ತಾರೆ ಅಂತ ಗೊತ್ತಾದ್ಮೇಲೆ, ಸಾಮಾನುಗಳ ಫೋಟೋನಾದ್ರೂ ತಕ್ಕೊಂಡು ಬರೋಣ ಅಂತ ಹೋಗಿದ್ದೆ. ಪಾತ್ರೆಗಳನ್ನ ತೂಕಕ್ಕೆ ಹಾಕೋ ಮಾತೂ ನಡೀತಿತ್ತು. ಹಳೇ ಮನೆಗಳ ನಡುಮನೆ ನಿಮಗೂ ಗೊತ್ತಲ್ಲ, ಹಗಲೊತ್ತಲ್ಲೂ ಕತ್ತಲೆ. ಸೂರಲ್ಲಿ ಇರೋ ಒಂದೇ ಒಂದು ಗಾಜಿನ ಹೆಂಚಿಂದ ಬಂದಷ್ಟೇ ಬೆಳಕು. ಅಜ್ಜಿಯ ಹಿತ್ತಾಳೆ ಬಿಂದಿಗೆ ಇಟ್ಟು ಮೊಬೈಲಲ್ಲಿ ಫ್ಲಾಶ್ ಹಾಕಿ ತೆಗೆದ್ರೆ ಬಿಂದಿಗೆ ಹೊಟ್ಟೆ ಮೇಲೊಂದು ಬಿಳೀ ಗೋಲಿ, ಸುತ್ತ ಮಸಿ. ಫ್ಲಾಶ್ ಆರಿಸಿದ್ರೆ ಕೈ ಅಲುಗಿ ಎಲ್ಲಾ ಮಸುಕು.

ಆಮೇಲೆ ಓದ್ತಾ ಹೋದಂಗೆ ಗೊತ್ತಾಯ್ತು, ಈ ತಾಪತ್ರಯ ಫೋಟೋ ಹುಟ್ಟಿದಾಗಿಂದಲೂ ಇದೆ. 1837ರಲ್ಲಿ ಫ್ರಾನ್ಸಿನ ಡಾಗೇರ್ ತೆಗೆದ ಚಿತ್ರದಲ್ಲಿ ಇರೋದು ಕಿಟಕಿ ಪಕ್ಕ ಜೋಡಿಸಿಟ್ಟ ಗಾರೆಯ ಬೊಂಬೆಗಳು, ಬೆತ್ತ ಹೆಣೆದ ಒಂದು ಸೀಸೆ. ಅಲುಗಾಡದ ಸಾಮಾನು ಬಿಟ್ರೆ ಅಷ್ಟೊತ್ತು ಯಾರು ಕೂರ್ತಾರೆ? ಇಂಗ್ಲೆಂಡಿನ ಟಾಲ್ಬಟ್ ಇನ್ನೂ ಜಾಣ. 1844ರಿಂದ 46ರವರೆಗೆ ಕಂತು ಕಂತಾಗಿ ಒಂದು ಫೋಟೋ ಪುಸ್ತಕ ತಂದ. ಅದರಲ್ಲಿ ಪುಸ್ತಕದ ಕಪಾಟಿನ ಚಿತ್ರ ಇದೆ, ಹೆಸರು ಮಾತ್ರ ಲೈಬ್ರರಿಯ ಒಂದು ನೋಟ. ಒಳಗೆ ಬೆಳಕು ಸಾಲದೆ ಪುಸ್ತಕಗಳನ್ನೆಲ್ಲ ಅಂಗಳಕ್ಕೆ ಹೊರಿಸಿ, ಬಿಸಿಲಲ್ಲಿ ಜೋಡಿಸಿ ತೆಗೆದಿದ್ದು! ಹಪ್ಪಳ ಒಣಗಿಸೋಕೆ ನಾವು ಮಾಡೋದೂ ಅದೇ ತಾನೇ.

ನಮ್ಮ ಜಿಲ್ಲೆಗೂ ಕ್ಯಾಮೆರಾ ಬೇಗನೇ ಬಂದಿದೆ. 1854ರ ಕೊನೇಲಿ ಲಿನಿಯಸ್ ಟ್ರೈಪ್ ಅಂತ ಕಂಪನಿ ಸೈನ್ಯದ ಕ್ಯಾಪ್ಟನ್ ಬೇಲೂರು ಹಳೇಬೀಡಿಗೆ ಬಂದು ದೇವಸ್ಥಾನಗಳ ಫೋಟೋ ತೆಗೆದ. ಮಾರನೇ ವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ 68 ಚಿತ್ರ ಇಟ್ಟು ಪದಕಾನೂ ಗೆದ್ದ. ಅವನದು ಕಾಗದದ ನೆಗೆಟಿವ್. ಅದಕ್ಕೆ ನೀಲಿ ಬೆಳಕು ಬೇಗ ಹತ್ತೋದು, ಕೆಂಪು ಹಳದಿ ಕರ್ರಗೆ ಬರೋದು, ಆಕಾಶ ಸುಣ್ಣ ಬಳಿದಂಗೆ ಬೆಳ್ಳಗೆ. 1855ರಲ್ಲಿ ಬರ್ಮಾಕ್ಕೆ ಹೋಗಿ ತೆಗೆದ ಚಿತ್ರಗಳಲ್ಲಿ ಅವನು ಏನು ಮಾಡಿದ ಅಂದ್ರೆ, ನೆಗೆಟಿವ್ ಮೇಲೇ ಬಣ್ಣ ಹಚ್ಚಿ ಮೋಡ ಬರೆದ. ಎಡಿಟಿಂಗು ಈಗಿನ ಹುಡುಗರು ಕಂಡುಹಿಡಿದಿದ್ದೇನಲ್ಲ ನೋಡಿ. ನಮ್ಮ ಹಿತ್ತಾಳೆ ಬಿಂದಿಗೆ ಅವನ ಕೈಗೆ ಸಿಕ್ಕಿದ್ರೆ ಕಬ್ಬಿಣದ ಥರ ಕಾಣ್ತಿತ್ತೇನೋ. 1873ರಲ್ಲಿ ಜರ್ಮನಿಯ ಫೋಗಲ್ ಬಣ್ಣ ಬೆರೆಸಿ ಪ್ಲೇಟಿಗೆ ಹಸಿರು ಹಳದಿ ತೋರಿಸಿಕೊಟ್ಟ ಮೇಲೇ ಆ ಕಷ್ಟ ಕಮ್ಮಿ ಆಗ್ತಾ ಬಂದಿದ್ದು.

ಇದೆಲ್ಲ ಓದಿ ಮತ್ತೊಂದ್ಸಲ ಹೋದೆ. ಬಿಂದಿಗೆನ ಅಂಗಳಕ್ಕೆ ತರೋಕೆ ಮನಸ್ಸಾಗಲಿಲ್ಲ, ಅದು ಇದ್ದ ಜಾಗದ ಕತ್ತಲೂ ಬೇಕಿತ್ತು ನಂಗೆ. ಬಲ್ಬು ಆರಿಸಿದೆ, ಇಲ್ಲಾಂದ್ರೆ ಒಂದು ಕಡೆ ಹಳದಿ ಇನ್ನೊಂದು ಕಡೆ ನೀಲಿ ಬರುತ್ತೆ. ಮಧ್ಯಾಹ್ನ ಗಾಜಿನ ಹೆಂಚಿನ ಬೆಳಕು ಬೀಳೋ ಕಡೆಯಿಂದ ಒಂದು ಮೊಳ ಈಚೆಗೆ ಬಿಂದಿಗೆ ಸರಿಸಿದೆ. ನೆರಳಿನ ಕಡೆ ನಮ್ಮೆಜಮಾನರ ಬಿಳೀ ಪಂಚೆ ಕುರ್ಚಿ ಮೇಲೆ ಹರವಿದೆ, ಅದರಿಂದ ಬೆಳಕು ವಾಪಸ್ ಬಂತು. ಮೊಬೈಲನ್ನ ಅಕ್ಕಿ ಅಳೆಯೋ ಸೇರಿಗೆ ಒರಗಿಸಿ ಮೂರು ಸೆಕೆಂಡಿನ ಟೈಮರ್ ಇಟ್ಟೆ. ಪರದೆ ಮೇಲೆ ಬಿಂದಿಗೆ ಹೊಳೆಯೋ ಜಾಗ ಮುಟ್ಟಿ ಬೆಳಕು ಸ್ವಲ್ಪ ಇಳಿಸಿದೆ. ಹೊಳಪು ಸುಟ್ಟುಹೋದ್ರೆ ಆಮೇಲೆ ಏನ್ ಮಾಡಿದ್ರೂ ಬರಲ್ಲ, ನೆರಳನ್ನಾದ್ರೆ ಅಷ್ಟಿಷ್ಟು ಎತ್ತಬಹುದು. ಜಾಸ್ತಿ ಎತ್ತಿದ್ರೆ ರವೆ ಚೆಲ್ಲಿದಂಗೆ ಕಾಳುಕಾಳು.

ಮಗಳಿಗೆ ಕಳಿಸಿದೆ. ಅವಳು ಯಾವ್ದೋ ಆ್ಯಪಲ್ಲಿ ತಿದ್ದಿ ವಾಪಸ್ ಕಳಿಸಿದ್ಲು. ಬಿಂದಿಗೆ ಚಿನ್ನದಂಗೆ ಹೊಳೀತಿದೆ, ಕಂಠದ ಹತ್ರ ಇದ್ದ ನಗ್ಗು ಮಾಯ, ಕೆತ್ತಿಸಿದ್ದ ಅಜ್ಜಿ ಹೆಸರಿನ ಅಕ್ಷರಾನೂ ಅಳಿಸಿಹೋಗಿದೆ. "ಅಮ್ಮಾ, ಡ್ಯಾಮೇಜೆಲ್ಲ ತೆಗೆದಿದೀನಿ" ಅಂತ ಬೇರೆ.

ಆ ನಗ್ಗು ಆಗಿದ್ದು ಹೇಮಾವತಿ ಹೊಳೆ ಮೆಟ್ಟಿಲ ಮೇಲೆ. ನೀರು ತರುವಾಗ ಅಜ್ಜಿ ಜಾರಿಬಿದ್ದಿದ್ರು, ಆವಾಗ ನಮ್ಮಮ್ಮ ಹೊಟ್ಟೇಲಿದ್ರಂತೆ. ಟ್ರೈಪ್ ಇಲ್ಲದ ಮೋಡ ಬರೆದ, ಅಡ್ಡಿಯಿಲ್ಲ, ಅಲ್ಲಿ ಆಕಾಶವಂತೂ ಇತ್ತು. ಇದ್ದ ನಗ್ಗು ತೆಗೆಯೋದು ಬೇರೆ ಲೆಕ್ಕ. ಫೋನ್ ಮಾಡಿ ಅವಳಿಗೆ ಈ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿನ ಫೋಟೋನೇ ಇನ್ನೊಂದ್ಸಲ ಕಳಿಸಮ್ಮ, ಬಿಂದಿಗೆ ಮಾರಬೇಡಿ ಅಂತ ಮಾವಂಗೂ ಹೇಳು" ಅಂದ್ಲು. ಬಿಂದಿಗೆ ಈಗ ಹಾಸನದ ನಮ್ಮನೇಲಿದೆ, ಹುಣಸೆಹಣ್ಣು ಹಾಕಿ ಇನ್ನೂ ಉಜ್ಜಿಲ್ಲ.