‘ಕನ್ನಡ’ ಅಂತ ಹೆಸರಿಟ್ಟ ಜಾಝ್ ಟ್ಯೂನ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರಿಗೆಲ್ಲ ಸ್ವಾಗತ. ಇವತ್ತಿನ ಕತೆ ಜಾಝ್ ಸಂಗೀತದ್ದು. ‘ಅದನ್ನ ತಗೊಂಡು ನಾವೇನ್ ಮಾಡೋಣು’ ಅಂತ ಸ್ಕಿಪ್ ಮಾಡಬ್ಯಾಡ್ರಿ. ಮೊದಲು ಒಂದು ಹೆಸರು ಕೇಳ್ರಿ: ರುದ್ರೇಶ್ ಮಹಾಂತಪ್ಪ.

ನಮ್ಮ ನಾಲ್ಕೂ ತಾಲ್ಲೂಕಿನ ಯಾವ ಊರಿನ ಓಣ್ಯಾಗ ನಿಂತು ‘ಮಹಾಂತಪ್ಪಾ’ ಅಂತ ಕೂಗಿದ್ರೂ ಒಬ್ಬರಾದ್ರೂ ತಿರುಗಿ ನೋಡ್ತಾರ. ಆದ್ರ ಈ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ಎಂಬ ಊರಲ್ಲಿ. ಬೆಳೆದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್‌ನಲ್ಲಿ. ತಂದೆ-ತಾಯಿ ಕರ್ನಾಟಕ ಮೂಲದವರು, ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರೊಫೆಸರ್ ಆಗಿದ್ದರು. ಮಗ ಕೈಗೆ ತಗೊಂಡದ್ದು ಆಲ್ಟೊ ಸ್ಯಾಕ್ಸೊಫೋನ್. 2007ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಸಿಕ್ತು, ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು.

ಇವರನ್ನ ನಾನೇನು ಹುಡುಕಿಕೊಂಡು ಹೋದವನಲ್ಲ. ರೆಝ್ ಅಬ್ಬಾಸಿ ಅಂತ ಒಬ್ಬ ಗಿಟಾರ್ ವಾದಕ, ಕಂಪೋಸರ್ ಇದ್ದಾರ. ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಅವರ ಗಿಟಾರ್ ಕೇಳ್ತಾ ಕೇಳ್ತಾ ಫೋನ್ ತಾನಾಗೇ ಮುಂದಿನ ಹಾಡಿಗೆ ಹೋಯ್ತು, ಪರದೆ ಮ್ಯಾಲ ‘ಮಹಾಂತಪ್ಪ’ ಅಂತ ಬಂತು. ಇಷ್ಟೇ.

ಆ ಹೊತ್ತಿಗೆ ನಾನು ಬಿ.ಕಾಂ ಮುಗಿಸಿ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದೆ. ನಾನು ಫೋನಿನ್ಯಾಗ ಅವ್ವನ ಜೋಡಿ ಮಾತಾಡಿದಾಗೆಲ್ಲ ಪಕ್ಕದ ಟೇಬಲ್ಲಿನವರು ನಗೋರು. ‘ಮಾತಾಡ್ತಿದ್ದೀಯೋ ಹಾಡ್ತಿದ್ದೀಯೋ?’ ಅನ್ನೋರು. ಒಂದು ದಿನ ಮೇಲಿನವರು ಕರೆದು, ಕ್ಲೈಂಟ್ ಜೊತೆ ಸ್ವಲ್ಪ ‘ನೀಟಾಗಿ’ ಮಾತಾಡಪ್ಪ ಅಂದ್ರು. ಅವತ್ತಿಂದ ಅವ್ವನ ಫೋನ್ ಬಂದ್ರ ಮೆಟ್ಟಿಲ ಕಡೆ ಹೋಗಿ ಮಾತಾಡ್ತಿದ್ದೆ. ಈಗ ನೆನೆಸಿಕೊಂಡ್ರ ನಾಚಿಕಿ ಬರ್ತದ.

ಅದೇ ದಿನಗಳಲ್ಲಿ ಮಹಾಂತಪ್ಪ ಅವರ 2004ರ ಆಲ್ಬಂ ಸಿಕ್ತು. ಹೆಸರು ‘ಮದರ್ ಟಂಗ್’, ಅಂದ್ರ ತಾಯಿನುಡಿ. ಅಮೆರಿಕದಾಗಿನ ಭಾರತೀಯರಿಗೆ ಒಂದು ಪ್ರಶ್ನೆ ಆಗಾಗ ಎದುರಾಗ್ತದ: ನೀವು ‘ಇಂಡಿಯನ್’ ಮಾತಾಡ್ತೀರಾ? (ನಾನಾಗಿದ್ರ ‘ಹೌದ್ರೀ, ನಾನು ಇಂಡಿಯವನೇ’ ಅಂತಿದ್ದೆ.) ಸಿಟ್ಟು ಬರೋ ಪ್ರಶ್ನೆ. ಮಹಾಂತಪ್ಪ ಸಿಟ್ಟನ್ನ ಕೆಲಸಕ್ಕೆ ಹಚ್ಚಿದ್ರು. ಬೇರೆ ಬೇರೆ ಭಾಷೆಯವರಿಗೆ ಇಂಥದೇ ಪ್ರಶ್ನೆ ಕೇಳಿ, ಅವರವರ ಭಾಷೆಯಲ್ಲೇ ಉತ್ತರ ಹೇಳಿಸಿ ರೆಕಾರ್ಡ್ ಮಾಡಿಕೊಂಡ್ರು. ಆಮೇಲೆ ಮಾತಿನ ಅರ್ಥ ಬಿಟ್ಟು ಏರಿಳಿತ ಹಿಡಿದ್ರು. ದನಿ ಎಲ್ಲಿ ಏರ್ತದ, ಎಲ್ಲಿ ಇಳೀತದ, ಯಾವ ಅಕ್ಷರಕ್ಕೆ ತಡೀತದ ಅನ್ನೋದನ್ನ ಸ್ವರ ಮಾಡಿ ಬರೆದ್ರು. ಆ ಸ್ವರಗಳಿಂದ ಟ್ಯೂನ್ ಕಟ್ಟಿದ್ರು. ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ ಅಂತ ಒಂದೊಂದಕ್ಕೂ ಹೆಸರು. ಒಂದರ ಹೆಸರು ‘ಕನ್ನಡ’.

ಮೊದಲ ಸಲ ಕೇಳಿದಾಗ ನನಗೆ ಬರೀ ಗದ್ದಲ ಅನಿಸ್ತು, ಸುಳ್ಳು ಹೇಳೋದಿಲ್ಲ. ಮೂರನೇ ಸಲಕ್ಕೆ ಸ್ಯಾಕ್ಸೊಫೋನ್ ಮಾತಾಡೋ ಹಂಗ ನಿಂತು ನಿಂತು ಹೋಗೋದು ಕಿವಿಗೆ ಬಿತ್ತು. ಪಿಯಾನೊ ನುಡಿಸಿದವರು ವಿಜಯ್ ಅಯ್ಯರ್.

ಆಮೇಲೆ ಒಂದು ಪ್ರಯೋಗ ಮಾಡಿದೆ. ಅವ್ವ ಫೋನಿನ್ಯಾಗ ‘ಊಟ ಆಯ್ತೇನೋ? ಏನ್ ಮಾಡಾಕತ್ತಿ?’ ಅಂದದ್ದನ್ನ ರೆಕಾರ್ಡ್ ಮಾಡಿ, ಕೀಬೋರ್ಡ್ ಆ್ಯಪಿನ್ಯಾಗ ಒಂದೊಂದೇ ಸ್ವರ ಒತ್ತಿ ಹುಡುಕಿದೆ. ‘ಆಯ್ತೇನೋ’ದ ಕೊನೆಯ ‘ನೋ’ ಮೇಲಕ್ಕೆ ಹೋಗಿ ಅಲ್ಲೇ ತೂಗಾಡ್ತದ. ನೆಟ್ಟಗ ಯಾವ ಕೀಲಿಗೂ ಸಿಗವಲ್ದು, ಎರಡರ ನಡುವೆ ಐತಿ.

ಈ ‘ನಡುವೆ’ ಅನ್ನೋದೇ ನಮ್ಮ ಸಂಗೀತದ ಗಮಕ. ಸ್ಯಾಕ್ಸೊಫೋನಿನ್ಯಾಗ ಅದನ್ನ ತಂದವರು ನಮ್ಮವರೇ, ಕದ್ರಿ ಗೋಪಾಲನಾಥ್. 1949ರಲ್ಲಿ ದಕ್ಷಿಣ ಕನ್ನಡದ ಸಜೀಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ್ರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದ್ರು. ಅದು ಕೀಲಿ ಒತ್ತಿ ನುಡಿಸೋ ವಾದ್ಯ, ಜಾರೋ ಸ್ವರ ಸುಲಭಕ್ಕೆ ಬರೋದಿಲ್ಲ. ವಾದ್ಯವನ್ನೇ ತಮಗೆ ಬೇಕಾದಂಗ ತಿದ್ದಿಕೊಂಡು, ಪೂರ್ತಿ ಹಿಡಿತಕ್ಕೆ ತರಾಕ ಅವರಿಗೆ ಸುಮಾರು 20 ವರ್ಷ ಹಿಡಿತು. 1980ರಲ್ಲಿ ಬಾಂಬೆ ಜಾಝ್ ಉತ್ಸವದಲ್ಲಿ ಅವರನ್ನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾನೂ ಜೊತೆಗೆ ನುಡಿಸಲೇನು ಅಂತ ಕೇಳಿ ವೇದಿಕೆ ಹತ್ತಿದ್ರು. 1994ರಲ್ಲಿ ಗೋಪಾಲನಾಥ್ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ರು.

ಮಹಾಂತಪ್ಪ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ತಮಾಷೆಗೆ ಒಂದು ಆಲ್ಬಂ ಕೊಟ್ಟಿದ್ರಂತ: ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಗೋಪಾಲನಾಥ್. ಅಣ್ಣ ನಗಿಸಾಕ ಕೊಟ್ಟಿದ್ದು, ತಮ್ಮ ಕೇಳಿ ಬೆರಗಾಗಿಬಿಟ್ಟ.

ಮುಂದೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಇಬ್ಬರಿಗೂ ಕೂಡಿ ಕೆಲಸ ಮಾಡಾಕ ಅವಕಾಶ ಕೊಡ್ತು. 2008ರಲ್ಲಿ ‘ಕಿನ್ಸ್‌ಮೆನ್’ ಬಂತು, ಅಂದ್ರ ಬೀಗರು-ಬಳಗ. ಎರಡು ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ, ಬಾಸ್, ಡ್ರಮ್ಸ್. ಗಿಟಾರ್ ಮಾತ್ರ ಅದೇ ರೆಝ್ ಅಬ್ಬಾಸಿ ಅವರದು! ಗಿಟಾರಿನ ಕುತ್ತಿಗಿ ಮ್ಯಾಲಿನ ಲೋಹದ ಗೆರೆಗಳು ಸ್ವರವನ್ನ ಕಟ್ಟಿಹಾಕ್ತಾವ. ನಡುವಿನ ಸ್ವರ ಬೇಕಂದ್ರ ತಂತಿಯನ್ನೇ ಬೆರಳಿನಿಂದ ಎಳೀಬೇಕು. ಅವರೇನು ಪಿಟೀಲಿನ ಜೋಡಿ ಪೈಪೋಟಿಗೆ ಬೀಳೋದಿಲ್ಲ. ಸ್ಯಾಕ್ಸೊಫೋನುಗಳ ಕೆಳಗ ನೆಲ ಹಾಸಿ ಕೊಡ್ತಾರ, ತಮ್ಮ ಸರದಿ ಬಂದಾಗ ಎದ್ದು ಮಾತಾಡ್ತಾರ. ನನ್ನ ಕೇಳಿದ್ರ ‘ಮದರ್ ಟಂಗ್’ಗಿಂತ ಇದೇ ಚೊಲೊ ಆಲ್ಬಂ. ಅಲ್ಲಿ ಲೆಕ್ಕಾಚಾರ ಸ್ವಲ್ಪ ಎದ್ದು ಕಾಣ್ತದ, ಇಲ್ಲಿ ಎಲ್ಲಾರೂ ಒಂದೇ ಪಂಕ್ತಿಗೆ ಕುಂತು ಉಂಡಂಗ ಅದ.

2019ರ ಅಕ್ಟೋಬರ್ 11ರಂದು ಗೋಪಾಲನಾಥ್ ಮಂಗಳೂರಿನಲ್ಲಿ ತೀರಿಕೊಂಡರು.

ಅವ್ವನ ಆ ರೆಕಾರ್ಡಿಂಗ್ ಇನ್ನೂ ಫೋನಿನ್ಯಾಗ ಅದ. ಅವ್ವಗ ಕೇಳಿಸಿದೆ, ಜೊತೆಗೆ ನಾನು ಹುಡುಕಿದ ಸ್ವರಗಳನ್ನೂ ಕೇಳಿಸಿದೆ. ‘ನಾ ಹಿಂಗ ಮಾತಾಡ್ತೀನೇನೋ?’ ಅಂದ್ಲು. ಆ ‘ನೋ’ನೂ ಎರಡು ಕೀಲಿಗಳ ನಡುವೆನೇ ಇತ್ತು.