ಬೂದಿಗುಡ್ಡದ ಕಲ್ಲು



ಕೆಲವು ವರ್ಷಗಳ ಹಿಂದಿನ ಮಾತು. ಬಳ್ಳಾರಿಯ ಕಡೆಯಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬನು ರಜೆ ಮುಗಿಸಿ ಹಿಂದಿರುಗಿದಾಗ ಕಾಗದದಲ್ಲಿ ಸುತ್ತಿದ ಒಂದು ಕಲ್ಲನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಅಂಗೈಯಗಲದ ತುಂಡು, ಬಣ್ಣ ಬೂದು, ಮೈಯೆಲ್ಲ ಜೇನುಗೂಡಿನಂತೆ ತೂತುಗಳು, ಒಂದು ಮಗ್ಗುಲಲ್ಲಿ ಮಾತ್ರ ಕರಗಿ ಹರಿದು ಹೆಪ್ಪುಗಟ್ಟಿದ ಗಾಜಿನ ಹೊಳಪು. “ಇದು ಯಾವ ಕಲ್ಲು, ಸಾರ್?” ಎಂದು ಅವನು ಕೇಳಿದನು. ಚರಿತ್ರೆಯ ಅಧ್ಯಾಪಕನಾದವನು ತನಗೆ ತಿಳಿಯದೆಂದು ಹೇಳಲು ಸ್ವಲ್ಪ ಸಂಕೋಚಪಡುವುದುಂಟು. ನಾನು ಅದನ್ನೊಮ್ಮೆ ಹೊರಳಿಸಿ ನೋಡಿ, “ಕಬ್ಬಿಣದ ಕಿಟ್ಟ, ಹಿಂದಿನವರು ಅದಿರು ಕರಗಿಸಿದ ಕುಲುಮೆಯದು” ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹುಡುಗನು ತಲೆದೂಗಿದನಾದರೂ, “ನಮ್ಮೂರಿನ ಹಿರಿಯರು ಅದು ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತಾರೆ” ಎಂದನು. ನಾನು ನಕ್ಕೆ. ಹಾಗೆ ನಗುವುದಕ್ಕೆ ನನಗೆ ಯಾವ ಅಧಿಕಾರವೂ ಇರಲಿಲ್ಲವೆಂಬುದು ಅನಂತರ ತಿಳಿದುಬಂತು.

ಹೆಸರರಿಯದ ಕಲ್ಲೊಂದು ಕೈಗೆ ಸಿಕ್ಕಿದಾಗ ಅದನ್ನು ಗುರುತಿಸುವುದಕ್ಕೆ ಶಾಸ್ತ್ರಜ್ಞರು ಕೆಲವು ಸರಳವಾದ ಪರೀಕ್ಷೆಗಳನ್ನು ಹೇಳುತ್ತಾರೆ. ಮೊದಲನೆಯದು ತೂಕ: ಅಷ್ಟೇ ಗಾತ್ರದ ಇತರ ಕಲ್ಲುಗಳೊಡನೆ ಹೋಲಿಸಿದರೆ ಇದು ಭಾರವೊ, ಹಗುರವೊ? ಎರಡನೆಯದು ಕಾಠಿನ್ಯ: ಉಗುರು ಗೀರುವುದೆ, ತಾಮ್ರದ ಕಾಸು ಗೀರುವುದೆ, ಚೂರಿ ಗೀರುವುದೆ? ಫ್ರೀಡ್ರಿಶ್ ಮೋಸ್ ಎಂಬ ಜರ್ಮನ್ ವಿದ್ವಾಂಸನು ೧೮೧೨ ರಲ್ಲಿ ಬಳಪದ ಕಲ್ಲಿನಿಂದ ವಜ್ರದವರೆಗೆ ಹತ್ತು ಮೆಟ್ಟಿಲುಗಳನ್ನು ಏರ್ಪಡಿಸಿದುದು ಈ ಪರೀಕ್ಷೆಗಾಗಿಯೆ. ಮೂರನೆಯದು, ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಮೂಡುವ ಗೆರೆಯ ಬಣ್ಣ. ನಾಲ್ಕನೆಯದು, ಆಮ್ಲದ ಒಂದು ಹನಿ ಬಿದ್ದಾಗ ನೊರೆಯೇಳುವುದೊ ಇಲ್ಲವೊ ಎಂಬುದು.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ಆ ತುಂಡನ್ನು ಕೈಗೆತ್ತಿಕೊಂಡೊಡನೆಯೆ ನನ್ನ ತೀರ್ಮಾನವನ್ನು ತಳ್ಳಿಹಾಕಿದರು. ಕಬ್ಬಿಣದ ಕಿಟ್ಟವಾಗಿದ್ದರೆ ಅದು ಭಾರವಾಗಿರಬೇಕು, ತುಕ್ಕು ಹಿಡಿದು ಕೆಂಪೇರಿರಬೇಕು. ಇದಾದರೊ ಹಗುರ, ತುಕ್ಕಿನ ಕುರುಹೂ ಇಲ್ಲ. “ನೀವು ಕಲ್ಲನ್ನು ನೋಡಿಯೇ ಇಲ್ಲ, ನಿಮಗೆ ಮೊದಲೇ ಗೊತ್ತಿದ್ದ ಹೆಸರನ್ನು ಅದಕ್ಕೆ ಹಚ್ಚಿದಿರಿ” ಎಂದು ಅವರು ಹೇಳಿದರು. ಆ ಮಾತು ಚುಚ್ಚಿತು; ಚುಚ್ಚಿದುದರಿಂದಲೇ ಉಪಕಾರವಾಯಿತು. ಆ ತುಂಡಿನ ಜಾಡನ್ನು ಹಿಡಿದು ಹೊರಟಾಗ, ನನ್ನ ತಪ್ಪು ನನ್ನೊಬ್ಬನದೇ ಅಲ್ಲವೆಂದೂ, ನನಗಿಂತ ಎಷ್ಟೋ ಪಾಲು ದೊಡ್ಡ ಪಂಡಿತರು ಈ ಒಂದು ಕಲ್ಲಿನ ಮುಂದೆ ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಎಡವಿದ್ದರೆಂದೂ ಕಂಡುಬಂತು. ಆ ಕಥೆಯನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯೆಂಬ ಊರಿದೆ. ಅದರ ಬಳಿ ದಾರಿಯ ಮಗ್ಗುಲಲ್ಲಿಯೆ ಬೂದಿಯದೊಂದು ದಿಬ್ಬ. ಇಂಥ ದಿಬ್ಬಗಳು ಕೃಷ್ಣಾ ತುಂಗಭದ್ರೆಗಳ ಬಯಲಿನಲ್ಲಿ, ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿಯೂ, ನೆರೆಯ ಆಂಧ್ರ ತೆಲಂಗಾಣಗಳಲ್ಲಿಯೂ ನೂರಕ್ಕೂ ಮೇಲ್ಪಟ್ಟು ಗುರುತಾಗಿವೆ. ಬೂದಿಹಾಳ, ಬೂದಿಗುಂಟ ಎಂಬ ಹೆಸರುಗಳೇ ಜನರು ಇವನ್ನು ಬಹು ಹಿಂದಿನಿಂದ ಗಮನಿಸಿದ್ದರೆಂಬುದಕ್ಕೆ ಸಾಕ್ಷಿ. ಅಗೆದು ನೋಡಿದರೆ ಒಳಗೆ ಮೆತ್ತನೆಯ ಬೂದಿಯ ಪದರ, ಅದರ ಮೇಲೆ ನಾನು ಹೇಳಿದಂಥ ಗಟ್ಟಿ ಗಾಜುಗಲ್ಲಿನ ಪದರ, ಮತ್ತೆ ಬೂದಿ, ಮತ್ತೆ ಗಾಜುಗಲ್ಲು. ಹೀಗೆ ಒಂದರ ಮೇಲೊಂದು. ಭೀಮಸೇನನು ಹಿಡಿಂಬಾಸುರನನ್ನು ಕೊಂದು ಸುಟ್ಟ ಸ್ಥಳವಿದೆಂದು ಕುಡತಿನಿಯವರ ಐತಿಹ್ಯ. ಇಷ್ಟು ಬೂದಿಯಾಗಬೇಕಾದರೆ ಸುಟ್ಟ ದೇಹ ಮನುಷ್ಯಮಾತ್ರದವನದಾಗಿರಲಾರದೆಂಬ ಅವರ ತರ್ಕದಲ್ಲಿ ಒಂದು ಕ್ರಮವಿದೆಯೆಂಬುದನ್ನು ಒಪ್ಪಲೇಬೇಕು.

ಪಾಶ್ಚಾತ್ಯ ವಿದ್ವಾಂಸರಲ್ಲಿ ಇವುಗಳ ವಿಚಾರವಾಗಿ ಮೊದಲು ವಿವರವಾಗಿ ಬರೆದವರಲ್ಲಿ ಮದರಾಸು ಸೈನ್ಯದ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ ಒಬ್ಬರು. ಅವರ ಲೇಖನವು ೧೮೪೩ ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಊಹೆಗಳಿಗೆ ಕೊನೆಯೇ ಇಲ್ಲದಾಯಿತು. ಅಗ್ನಿಪರ್ವತದ ಬೂದಿಯೆಂಬುದು ಒಂದು. ಲೋಹ ಕರಗಿಸಿದ ಕುಲುಮೆಯ ಕಿಟ್ಟವೆಂಬುದು ಇನ್ನೊಂದು. ವಿಜಯನಗರದ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ರಾಬರ್ಟ್ ಸೀವೆಲ್ಲರು ೧೮೯೯ ರಲ್ಲಿ ಈ ದಿಬ್ಬಗಳ ಮೇಲೆ ಒಂದು ಲೇಖನ ಬರೆದು, ಇವು ವಿಜಯನಗರದ ಕಾಲದ ಮಹಾದಹನಗಳ ಅವಶೇಷಗಳಿರಬಹುದೆಂಬ ಕಡೆಗೆ ಒಲಿದರು.

ಈ ಊಹೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಬಹುದು. ಬಳ್ಳಾರಿಯ ನೆಲವು ಅತಿ ಪ್ರಾಚೀನವಾದ ಕಣಶಿಲೆಯದು. ಅದರ ಮೇಲೆ ದನದ ದೊಡ್ಡಿಯಗಲದ ಜಾಗದಲ್ಲಿ ಮಾತ್ರ ಬೂದಿಯನ್ನುಗುಳಿ, ಸುತ್ತಲ ಹೊಲಗಳಿಗೆ ಒಂದು ಹಿಡಿಯನ್ನೂ ಹರಡದ ಅಗ್ನಿಪರ್ವತವನ್ನು ಯಾರೂ ಕಂಡಿಲ್ಲ. ಕಿಟ್ಟವೆನ್ನೋಣವೆಂದರೆ ಅದಿರಿಲ್ಲ, ಕುಲುಮೆಯಿಲ್ಲ, ತಿದಿಯ ಕೊಳವೆಯಿಲ್ಲ. ವಿಜಯನಗರದ ಚಿತೆಗಳೆನ್ನೋಣವೆಂದರೆ ಬೂದಿಯೊಳಗೆ ಸಿಕ್ಕುವ ಎಲುಬುಗಳು ಮುಖ್ಯವಾಗಿ ದನಗಳವು. ಜೊತೆಗೆ ದೊರೆಯುವುದು ಕೈಯಿಂದ ಮಾಡಿದ ಒರಟು ಮಡಕೆಯ ಚೂರುಗಳು ಮತ್ತು ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳು. ಕೃಷ್ಣದೇವರಾಯನ ಸೈನಿಕರು ಕಲ್ಲಿನ ಕೊಡಲಿಗಳನ್ನು ಹಿಡಿದು ರಾಯಚೂರಿನ ಮೇಲೆ ಹೋದರೆಂದು ಯಾರೂ ಹೇಳಲಾರರಷ್ಟೆ. ಕಬ್ಬಿಣವನ್ನೇ ಅರಿಯದ ಜನರು ಕಬ್ಬಿಣದ ಕಿಟ್ಟವನ್ನು ಬಿಟ್ಟುಹೋದರೆಂಬುದೂ ಅಷ್ಟೇ ಅಸಂಗತ. ಕಲ್ಲನ್ನು ಮಾತ್ರ ನೋಡಿದವರು ಏನನ್ನಾದರೂ ಊಹಿಸಬಹುದಾಗಿತ್ತು. ಕಲ್ಲು ಬಿದ್ದಿದ್ದ ನೆಲವನ್ನೂ ನೆರೆಹೊರೆಯನ್ನೂ ನೋಡಿದವರಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಹಾಗೆ ನೋಡಬಲ್ಲವರೊಬ್ಬರು ನಮ್ಮ ದೇಶದಲ್ಲಿದ್ದರು. ರಾಬರ್ಟ್ ಬ್ರೂಸ್ ಫೂಟರು ಭಾರತದ ಭೂಗರ್ಭ ಇಲಾಖೆಯನ್ನು ಸೇರಿದುದು ೧೮೫೮ ರಲ್ಲಿ. ೧೮೬೩ ನೆಯ ಮೇ ೩೦ ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರ ಬಳಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಇತರರಿಗೆ ಅದು ಒಡೆದ ಜಲ್ಲಿ. ಫೂಟರಿಗೆ ಅದು ಮನುಷ್ಯನು ಬೇಕೆಂದೇ ಕೆತ್ತಿದ ಆಯುಧ. ಭಾರತದ ಹಳೆಯ ಶಿಲಾಯುಗದ ಅಧ್ಯಯನವು ಅಂದಿನಿಂದ ಮೊದಲಾಯಿತು. ಇದೇ ಫೂಟರು ೧೮೯೪ ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಕಟ್ಟಿಕೊಟ್ಟರು. ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಅವರು ಊರೂರು ಸುತ್ತಿ ಪರೀಕ್ಷಿಸಿದ್ದರು. ಬೂದಿಗುಡ್ಡಗಳನ್ನು ಕಂಡು ಅವರು ಕೊಟ್ಟ ಉತ್ತರ ಒಂದೇ ಮಾತಿನದು: ಇದು ಕಲ್ಲಲ್ಲ, ದನದ ಸಗಣಿ, ಕಲ್ಲಿನ ಕೊಡಲಿಯ ಕಾಲದ ಗೋಪಾಲಕರ ದೊಡ್ಡಿಗಳಲ್ಲಿ ರಾಶಿಬಿದ್ದು ಉರಿದುಹೋದ ಸಗಣಿ.

ಈ ಉತ್ತರವನ್ನು ಲೋಕವು ಸುಲಭವಾಗಿ ಒಪ್ಪಲಿಲ್ಲ. ಫೂಟರು ೧೯೧೨ ರಲ್ಲಿ ತೀರಿಕೊಂಡ ಮೇಲೆಯೂ ಚಿತೆಯ ವಾದ, ಕುಲುಮೆಯ ವಾದಗಳು ದಶಕಗಳವರೆಗೆ ಉಳಿದುಬಂದವು. ರಾಕ್ಷಸ, ಅಗ್ನಿಪರ್ವತ, ಸಾಮ್ರಾಜ್ಯದ ಚಿತೆಗಳು: ಇವೆಲ್ಲವೂ ಭವ್ಯವಾದ ಉತ್ತರಗಳು, ಸಗಣಿಯೆಂಬುದು ಪಂಡಿತರ ಸಭೆಗೆ ತಕ್ಕ ಮಾತಲ್ಲವೆಂದು ಎಣಿಸಿದವರಿದ್ದರೊ ಏನೊ. ಆದರೆ ಒಂದು ನ್ಯಾಯವಾದ ಸಂಶಯವೂ ಇತ್ತು. ಸಗಣಿಯು ಬೂದಿಯಾಗುವುದು ಸರಿ, ಗಾಜಾಗುವುದು ಹೇಗೆ?

ಇದರ ವಿವರ ಸ್ವಾರಸ್ಯವಾದುದು. ಹುಲ್ಲು ನೆಲದಿಂದ ನೀರನ್ನು ಹೀರುವಾಗ ಅದರಲ್ಲಿ ಕರಗಿದ ಮರಳಿನ ಸತ್ತ್ವವನ್ನೂ ಹೀರಿ, ತನ್ನ ಎಸಳುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕೂಡಿಡುತ್ತದೆ. ಹುಲ್ಲಿನ ಅಂಚು ಬೆರಳನ್ನು ಕೊಯ್ಯುವುದು ಇದರಿಂದಲೇ. ಈ ಕಣಗಳು ಹಸುವಿನ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಗೆ ಬರುತ್ತವೆ. ಶುದ್ಧವಾದ ಮರಳು ಕರಗಬೇಕಾದರೆ ಸುಮಾರು ೧೭೦೦ ಡಿಗ್ರಿ ಸೆಂಟಿಗ್ರೇಡಿನ ಉಷ್ಣ ಬೇಕು. ಆದರೆ ಕ್ಷಾರವು ಬೆರೆತರೆ ಅದಕ್ಕಿಂತ ಬಹಳ ಕಡಮೆ ಉಷ್ಣದಲ್ಲಿಯೆ ಕರಗುತ್ತದೆ. ಬಳೆಗಾರರು ಚೌಳನ್ನು ಬೆರೆಸುತ್ತಿದ್ದುದರ ಗುಟ್ಟು ಇದೇ. ಸಗಣಿಯಲ್ಲಿ ಆ ಕ್ಷಾರವೂ ಇದೆ. ಇನ್ನು ಉಷ್ಣದ ಮಾತು: ರಾತ್ರಿ ಒಲೆಯಲ್ಲಿ ಬೂದಿ ಮುಚ್ಚಿಟ್ಟ ಬೆರಣಿಯ ಕೆಂಡವು ಬೆಳಗಿನವರೆಗೆ ಆರದಿರುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಆಳೆತ್ತರದ ಸಗಣಿಯ ರಾಶಿಯು ತನ್ನ ಬೂದಿಯನ್ನೇ ಹೊದಿಕೆಯಾಗಿ ಹೊದ್ದು ದಿನಗಟ್ಟಲೆ ಉರಿದರೆ, ಒಳಗಿನ ಕಾವು ಹೊರಕ್ಕೆ ಹೋಗಲು ದಾರಿಯಿಲ್ಲದೆ ಮರಳಿನ ಕಣಗಳು ಕರಗಿ ಒಂದಾಗುತ್ತವೆ.

ಪ್ರಯೋಗಶಾಲೆಯ ಪ್ರಮಾಣವು ದೊರೆತುದು ಬಹು ತಡವಾಗಿ. ಲಂಡನ್ನಿನ ಪ್ರೊಫೆಸರ್ ಎಫ್. ಇ. ಝಾಯ್ನರ್ ಅವರು ಈ ಗಾಜುಗಲ್ಲನ್ನು ಪರೀಕ್ಷಿಸಿ, ಇದು ಸಗಣಿಯ ಬೂದಿಯಿಂದಲೇ ಆದುದೆಂದು ೧೯೬೦ ರ ಸುಮಾರಿಗೆ ಪ್ರಕಟಿಸಿದರು. ಅದಕ್ಕೆ ಮುನ್ನವೇ, ೧೯೫೭ ರಲ್ಲಿ, ಎಫ್. ಆರ್. ಆಲ್ಚಿನ್ನರು ಆಗಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ ಇಂಥ ದಿಬ್ಬವೊಂದನ್ನು ಅಗೆಸಿದ್ದರು. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳು ಸಾಲಾಗಿ ಕಂಡವು. ಅದಕ್ಕೂ ಮಿಗಿಲಾಗಿ, ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದಿನ ಹಸುವೊಂದು ಕಾಲೂರಿದ ಗುರುತು! ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಯಾವ ನ್ಯಾಯಾಧೀಶನೂ ಕೇಳಲಾರನು.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ೧೯೮೯ ರಿಂದ ಮುಂದೆ ಕೆಲವು ವರ್ಷ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಿಂದ ಚಿತ್ರವು ಇನ್ನಷ್ಟು ತುಂಬಿತು. ದನದ ದೊಡ್ಡಿಯ ಪಕ್ಕದಲ್ಲಿಯೆ ಜನವಸತಿ, ಕಲ್ಲಿನ ಅಲಗುಗಳನ್ನು ಮಾಡುವ ಕಮ್ಮಟ, ದನಗಳನ್ನು ಕಡಿದು ಹಂಚುತ್ತಿದ್ದ ನೆಲ, ಇವೆಲ್ಲ ಅಲ್ಲಿ ಕಂಡುಬಂದವು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಸುಟ್ಟು ಕರಿಕಾದ ಕಾಳುಗಳನ್ನು ಸೋಸಿ ನೋಡಿದಾಗ ಹುರುಳಿ, ಹೆಸರು, ಕೊರಲೆಗಳು ಸಿಕ್ಕಿವೆ. ನಮ್ಮ ಮನೆಗಳಲ್ಲಿ ಇಂದಿಗೂ ಮಾಡುವ ಹುರುಳಿಯ ಸಾರಿನ ವಂಶವೃಕ್ಷವು ಅಲ್ಲಿಯವರೆಗೆ ಇಳಿದಿದೆ.

ಆದರೆ ಸಗಣಿಯನ್ನು ಸುಟ್ಟುದೇಕೆ? ಗೊಬ್ಬರವಾಗಬಹುದಾದುದನ್ನು ಒಮ್ಮೆಯಲ್ಲ, ಪದರ ಪದರವಾಗಿ ಮತ್ತೆ ಮತ್ತೆ ಉರಿಸಿದುದೇಕೆ? ಇದರಲ್ಲಿ ವಿದ್ವಾಂಸರು ಈಗಲೂ ಒಮ್ಮತಕ್ಕೆ ಬಂದಿಲ್ಲ. ದೊಡ್ಡಿಯನ್ನು ಚೊಕ್ಕಟಗೊಳಿಸಲು ಎಂಬವರಿದ್ದಾರೆ. ಆಲ್ಚಿನ್ನರು, ಇದು ಋತು ತಿರುಗುವಾಗ ಆಚರಿಸುತ್ತಿದ್ದ ಬೆಂಕಿಯ ಹಬ್ಬವಾಗಿರಬಹುದೆಂದು ಸೂಚಿಸಿ, ದನಗಳಿಗೂ ಬೆಂಕಿಗೂ ಸಂಬಂಧಿಸಿದ ನಮ್ಮ ಇಂದಿನ ಹಬ್ಬಗಳ ಕಡೆಗೆ ಕೈತೋರಿಸಿದರು. ಸಂಕ್ರಾಂತಿಯ ಸಂಜೆ ಮೈಸೂರು ಮಂಡ್ಯಗಳ ಕಡೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವುದನ್ನು ತಾವೆಲ್ಲರೂ ನೋಡಿದ್ದೀರಿ. ಆ ಕಿಚ್ಚು ಈ ಬೂದಿಯ ಮೊಮ್ಮಗುವೆಂದು ನಾನು ಸಾಧಿಸಿ ಹೇಳುವುದಿಲ್ಲ. ಒಮ್ಮೆ ಕಬ್ಬಿಣದ ಕಿಟ್ಟವೆಂದು ಹೇಳಿ ಕಲಿತವನು ಎರಡನೆಯ ಸಲ ಅವಸರಪಡಬಾರದು. ಆದರೆ ಕಿಚ್ಚಿನ ಮುಂದೆ ನಿಂತಾಗಲೆಲ್ಲ ಆ ಸಂಶಯವು ನನ್ನನ್ನು ಬಿಡುವುದಿಲ್ಲ.

ಒಂದು ಕಲ್ಲಿನ ಹೆಸರಿಗಾಗಿ ಇಷ್ಟು ಪ್ರಯಾಸವೇಕೆಂದು ತಾವು ಕೇಳಬಹುದು. ಹೆಸರು ತಪ್ಪಿದರೆ ಆಗುವ ನಷ್ಟವು ಕಾಗದದ ಮೇಲಿನದಷ್ಟೆ ಅಲ್ಲ. ಕಿಟ್ಟವೆಂದರೆ ಅದು ಕಸ. ಕಸವನ್ನು ಯಾರು ಕಾಯುತ್ತಾರೆ? ಈ ದಿಬ್ಬಗಳ ಬೂದಿಯನ್ನು ರೈತರು ಹೊಲಗಳಿಗೆ ಗಾಡಿಗಟ್ಟಲೆ ಹೇರಿದ್ದಾರೆ. ರಸ್ತೆಗೆ ಹಾಸಿದುದೂ ಉಂಟು. ಎಷ್ಟೋ ದಿಬ್ಬಗಳು ಅಗೆದು ನೋಡುವುದಕ್ಕೆ ಮೊದಲೇ ಸವೆದುಹೋಗಿವೆ. ರೈತನನ್ನು ದೂರಿ ಫಲವಿಲ್ಲ. ಅದರಲ್ಲೇನಿದೆಯೆಂದು ಹೇಳಬೇಕಾಗಿದ್ದ ನಾವು ಚಿತೆಯೆಂದೊ ಕುಲುಮೆಯೆಂದೊ ವಾದಿಸುತ್ತ ಕುಳಿತಿದ್ದೆವು. ಅರಸರ ಶಾಸನಗಳು ಕಲ್ಲಿನಲ್ಲಿವೆ, ಅವನ್ನು ಓದುವವರಿದ್ದಾರೆ. ಅಕ್ಷರವಿಲ್ಲದ, ಅರಸನಿಲ್ಲದ ನಮ್ಮ ಮೊದಲ ಗೋಪಾಲಕರು ಇಲ್ಲಿ ಬಿಟ್ಟುಹೋದ ದೊಡ್ಡ ಗುರುತು ಈ ಬೂದಿ. ಅದು ಗಾಡಿಯೇರಿ ಹೋದರೆ ಮತ್ತೆ ಬರೆಸಿಕೊಳ್ಳುವ ಪ್ರತಿಯಿಲ್ಲ.

ಆ ತುಂಡು ಈಗಲೂ ನನ್ನ ಕೊಠಡಿಯಲ್ಲಿದೆ. ಅದನ್ನು ತಂದ ಹುಡುಗನನ್ನು ಕರೆಸಿ, ನಾನು ಹೇಳಿದುದು ತಪ್ಪೆಂದು ಒಪ್ಪಿಕೊಂಡೆ. ಅದನ್ನು ಎಲ್ಲಿ, ಯಾವ ಆಳದಿಂದ ಎತ್ತಿದೆಯೆಂದು ಕೇಳಿದೆ. ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. “ದಾರಿಯ ಬದಿಯಲ್ಲಿ ಬಿದ್ದಿತ್ತು, ಸಾರ್, ಗಾಡಿಯಿಂದ ಉದುರಿರಬೇಕು” ಎಂದನು. ಯಾವ ಗುಡ್ಡದ್ದು, ಯಾವ ಪದರದ್ದು ಎಂಬುದನ್ನು ಇನ್ನು ಯಾರೂ ಹೇಳಲಾರರು. ಅದರ ಚೀಟಿಯಲ್ಲಿ ನಾನು ಮೊದಲು ಬರೆದಿದ್ದ ಹೆಸರನ್ನು ಹೊಡೆದುಹಾಕಿ, “ಸಗಣಿಯ ಬೂದಿ, ನವಶಿಲಾಯುಗ” ಎಂದು ತಿದ್ದಿದ್ದೇನೆ. ಸ್ಥಳ ಎಂಬ ಪದದ ಮುಂದಿನ ಜಾಗ ಖಾಲಿಯಾಗಿಯೇ ಇದೆ.